‘ಮತ್ತು’, ‘ಅಥವಾ’ ಒಂದೇ ಸಾಲಿನಲ್ಲಿ ಬಂದರೆ ಯಾವುದು ಮೊದಲು? ತೋಟದ ಕಂಟ್ರೋಲರ್ ಭಾಷೆಗೆ ಸಲಹೆ ಬೇಕು

ತೀರ್ಥಹಳ್ಳಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತೋಟದ ಪಂಪು, ಟ್ಯಾಂಕು, ಸ್ಪ್ರಿಂಕ್ಲರ್ ನೋಡಿಕೊಳ್ಳುವ ಸಣ್ಣ ಕಂಟ್ರೋಲರ್‌ಗಳಿಗೆ ಕನ್ನಡದಲ್ಲೇ ನಿಯಮ ಬರೆಯುವ ಒಂದು ಪುಟ್ಟ ಭಾಷೆಯನ್ನು ಕೆಲವರು ಸೇರಿ ಮಾಡುತ್ತಿದ್ದೇವೆ. ಬಳಸುವವರು ಹೈಸ್ಕೂಲ್ ಮಕ್ಕಳು, ಮತ್ತೆ ತಮ್ಮ ತೋಟಕ್ಕೆ ಬೇಕಾದ್ದನ್ನು ತಾವೇ ಕಟ್ಟಿಕೊಳ್ಳುವ ಕೃಷಿಕರು. ಸಿ, ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳು ಅವರಿಗೆ ಗೊತ್ತಿರುವುದಿಲ್ಲ. ಗೊತ್ತಿರಲೇಬೇಕು ಅಂತಲೂ ಇಲ್ಲ.

ಲೆಕ್ಕದ ಚಿಹ್ನೆಗಳ ಬಗ್ಗೆ ನಮ್ಮಲ್ಲಿ ತಕರಾರಿಲ್ಲ. ಗುಣಾಕಾರ ಮೊದಲು, ಸಂಕಲನ ಆಮೇಲೆ. ತಕರಾರು ಬಂದಿರುವುದು ಇಂಥ ಸಾಲಿನಲ್ಲಿ:

ಪಂಪ್ = ನೀರು_ಇದೆ ಮತ್ತು ಬೆಳಗಿನ_ಹೊತ್ತು ಅಥವಾ ಕೈ_ಸ್ವಿಚ್

ಬರೆದವರ ಮನಸ್ಸಿನಲ್ಲಿ ಇರುವುದು ಹೀಗೆ: ಬಾವಿಯಲ್ಲಿ ನೀರು ಇರಲೇಬೇಕು. ಅದರ ಜೊತೆಗೆ ಬೆಳಗಿನ ಹೊತ್ತಾಗಿರಬೇಕು, ಇಲ್ಲವೇ ನಾನು ಕೈಯಾರೆ ಸ್ವಿಚ್ ಒತ್ತಿರಬೇಕು. ಆದರೆ ಸಿ, ಜಾವಾ, ಪೈಥಾನ್ ಎಲ್ಲವೂ ‘ಮತ್ತು’ವಿಗೆ ಹೆಚ್ಚು ಆದ್ಯತೆ ಕೊಡುತ್ತವೆ. ಅವುಗಳ ಪ್ರಕಾರ ಈ ಸಾಲು (ನೀರು_ಇದೆ ಮತ್ತು ಬೆಳಗಿನ_ಹೊತ್ತು) ಅಥವಾ ಕೈ_ಸ್ವಿಚ್ ಆಗುತ್ತದೆ. ಅಂದರೆ ಸ್ವಿಚ್ ಒತ್ತಿದರೆ ಸಾಕು, ಬಾವಿ ಬತ್ತಿದ್ದರೂ ಮೋಟಾರ್ ಓಡುತ್ತದೆ. ನೀರಿಲ್ಲದೆ ಓಡಿದ ಮೋಟಾರ್ ಏನಾಗುತ್ತದೆ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಓದುವವರ ತಲೆಯಲ್ಲಿ ಆಗಲೇ ಇರುವ ಆದ್ಯತೆಯನ್ನು ಮಾತ್ರ ಭಾಷೆ ಬಳಸಿಕೊಳ್ಳಬೇಕು. ಶಾಲೆಯಲ್ಲಿ ಕಲಿಸಿದ್ದು ಸರಿ. ಯಾರೂ ಕಲಿಸದ್ದನ್ನು ನಾವೇ ಒಂದು ಪಟ್ಟಿ ಮಾಡಿ ಹೇರಬಾರದು. ‘ಮತ್ತು’, ‘ಅಥವಾ’ ಎರಡನ್ನೂ ಬ್ರಾಕೆಟ್ ಇಲ್ಲದೆ ಬೆರೆಸಿದರೆ ಕಂಪೈಲರ್ (ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬದಲಾಯಿಸುವ ಪ್ರೋಗ್ರಾಂ) ಒಪ್ಪಲೇಬಾರದು. ಜೊತೆಗೆ ಕೆಲಸ ಮಾಡುತ್ತಿರುವ ಇಬ್ಬರು ಇದಕ್ಕೆ ಒಪ್ಪುತ್ತಿಲ್ಲ. ನೀವೆಲ್ಲ ಏನಂತೀರಿ?

ಇನ್ನೊಂದು ಪ್ರಶ್ನೆ ಶಾರ್ಟ್ ಸರ್ಕ್ಯೂಟ್‌ನದು. ಎಡಗಡೆಯಲ್ಲೇ ಉತ್ತರ ಗೊತ್ತಾದರೆ ಬಲಗಡೆಯನ್ನು ನೋಡದೆ ಬಿಡಬೇಕಾ? ಅದನ್ನೂ ಚರ್ಚಿಸೋಣ.

ರಿಪ್ಪನ್‌ಪೇಟೆ_ತೋಟ

ಮೇಷ್ಟ್ರೇ, ನಿಮ್ಮ ಪರ ನನ್ನದೊಂದು ವೋಟು. ಪರಿಚಯದವರೊಬ್ಬರ ಅಡಿಕೆ ತೋಟದ ಕಂಟ್ರೋಲರ್ ಕೋಡ್ ನೋಡಲು ನನ್ನ ಹತ್ತಿರ ಬಂದಿತ್ತು. ಸೆನ್ಸರ್ ಬೋರ್ಡ್ ಒಂದೇ ಬೈಟ್‌ನಲ್ಲಿ ಎಲ್ಲ ಸ್ಥಿತಿ ಕಳಿಸುತ್ತದೆ. 1ರ ಬಿಟ್ ಅಂದರೆ ಕರೆಂಟ್ ಇದೆ, 2 ಅಂದರೆ ಮೂರೂ ಫೇಸ್ ಇದೆ, 4 ಅಂದರೆ ಬಾವಿಯಲ್ಲಿ ನೀರಿದೆ. ನೀರು ನೋಡಲು ಬರೆದದ್ದು ಇದು (& ಅಂದರೆ ಎರಡು ಬದಿಯಲ್ಲೂ 1 ಇರುವ ಬಿಟ್‌ಗಳನ್ನು ಮಾತ್ರ ಉಳಿಸುವುದು, == ಅಂದರೆ ಎರಡು ಬದಿ ಸಮಾನವಾ ಅನ್ನುವ ಪರೀಕ್ಷೆ):

ಸ್ಥಿತಿ & 4 == 4

ಓದಿದರೆ ಸರಿಯಾಗೇ ಇದೆ ಅನ್ನಿಸುತ್ತದೆ ಅಲ್ವಾ? ಆದರೆ ಸಿಯಲ್ಲಿ == ಚಿಹ್ನೆಗೆ & ಗಿಂತ ಆದ್ಯತೆ ಜಾಸ್ತಿ. ಮೊದಲು 4 == 4 ಸೇರಿಕೊಳ್ಳುತ್ತದೆ. ಅದು ನಿಜ, ಅಂದರೆ 1. ಉಳಿಯುವುದು ಸ್ಥಿತಿ & 1. ಅಂದರೆ ಈ ಸಾಲು ನೋಡುವುದು ನೀರನ್ನಲ್ಲ, ಕರೆಂಟನ್ನು. ಮಳೆಗಾಲ ಮುಗಿದ ಮೇಲೆ ಬಾವಿ ತುಂಬಿದ್ದಾಗ ಪರೀಕ್ಷೆ ಮಾಡಿದರೆ ಎಲ್ಲ ಸರಿ ಕಾಣುತ್ತದೆ, ಯಾಕೆಂದರೆ ನೀರೂ ಇದೆ, ಕರೆಂಟೂ ಇದೆ. ತಪ್ಪು ಗೊತ್ತಾಗುವುದು ಏಪ್ರಿಲ್‌ನಲ್ಲಿ, ಬಾವಿಯ ತಳ ಕಂಡಾಗ.

ಜಿಸಿಸಿ ಕಂಪೈಲರ್‌ಗೆ ಎಚ್ಚರಿಕೆ ಕೊಡು ಅಂತ ಹೇಳಿದ್ದರೆ ಅದು ಈ ಸಾಲಿಗೆ ಬ್ರಾಕೆಟ್ ಹಾಕಿ ಅಂತ ಹೇಳುತ್ತದೆ. ಆದರೆ ಇಂಥ ಬೋರ್ಡ್‌ಗಳಿಗೆ ಕೋಡ್ ಬರೆಯುವ ಆರ್ಡುಯಿನೋ ಐಡಿಇಯಲ್ಲಿ ಎಚ್ಚರಿಕೆಗಳು ಮೊದಲಿಗೆ ಆಫ್ ಆಗಿರುತ್ತವೆ. ನಾವಾಗಿ ಹೋಗಿ ಆನ್ ಮಾಡಬೇಕು.

ಸಾಗರ_ಹಳೇ_ಕೋಡರ್

ಈ & ಮತ್ತು == ಹೀಗೇಕೆ ಆಯಿತು ಅನ್ನುವುದಕ್ಕೆ ಒಂದು ಚರಿತ್ರೆ ಇದೆ. ಮೇಷ್ಟ್ರ ಪ್ರಶ್ನೆಗೆ ಅದು ನೇರವಾಗಿ ಬೇಕಾಗುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಗಿಂತ ಮುಂಚೆ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಬಿ ಅನ್ನುವ ಭಾಷೆ ಇತ್ತು. ಅದರಲ್ಲಿ ಈಗಿನ ಸಿಯಲ್ಲಿ ‘ಮತ್ತು’ ಅನ್ನಲು ಬಳಸುವ && ಇರಲಿಲ್ಲ. ಇದ್ದದ್ದು & ಒಂದೇ. ಷರತ್ತಿನ ಜಾಗದಲ್ಲಿ ಬಂದರೆ ಅದು ‘ಮತ್ತು’ವಿನ ಕೆಲಸ ಮಾಡುತ್ತಿತ್ತು. ಎಡಗಡೆ ಸುಳ್ಳಾದರೆ ಬಲಗಡೆಯನ್ನು ನೋಡುತ್ತಿರಲಿಲ್ಲ. ಬೇರೆ ಜಾಗದಲ್ಲಿ ಬಂದರೆ ಬಿಟ್‌ಗಳ ಲೆಕ್ಕ ಮಾಡುತ್ತಿತ್ತು. ಷರತ್ತಿನಲ್ಲಿ ಅ == ಬ & ಕ ಅಂತ ಬರೆದಾಗ == ಮೊದಲು ಸೇರಬೇಕಲ್ಲ, ಹಾಗಾಗಿ & ಗೆ ಕಡಿಮೆ ಆದ್ಯತೆ. ಅಲ್ಲಿಗೆ ಅದು ಸರಿಯೇ.

1970ರ ದಶಕದ ಮೊದಲ ವರ್ಷಗಳಲ್ಲಿ ಬಿ ಬೆಳೆದು ಸಿ ಆಯಿತು. ಒಂದೇ ಚಿಹ್ನೆ ಜಾಗ ನೋಡಿ ಅರ್ಥ ಬದಲಾಯಿಸುವುದು ಗೊಂದಲ ಅಂತ ಅಲನ್ ಸ್ನೈಡರ್ ಹೇಳಿದ ಮೇಲೆ && ಮತ್ತು || (ಅಂದರೆ ‘ಅಥವಾ’) ಬಂದವು. ಆಗ ಬಿಟ್‌ಗಳ & ಅನ್ನು == ಗಿಂತ ಮೇಲೆ ಎತ್ತಬಹುದಿತ್ತು. ಎತ್ತಲಿಲ್ಲ. ಹಳೆಯ ಕೋಡ್ ಕೆಡಬಾರದು ಅಂತ & ಇದ್ದಲ್ಲೇ ಇತ್ತು. && ಮಾತ್ರ ಅದರಿಂದ ಸ್ವಲ್ಪ ಕೆಳಗೆ ಬಂದು ಕೂತಿತು. ಸಿ ಮಾಡಿದ ಡೆನಿಸ್ ರಿಚಿ ಮುಂದೆ ಸಿಯ ಬೆಳವಣಿಗೆಯ ಬಗ್ಗೆ ಬರೆದಾಗ, ಅದನ್ನು ಆಗಲೇ ಸರಿ ಮಾಡಿದ್ದರೆ ಒಳ್ಳೆಯದಿತ್ತು ಅಂತ ಒಪ್ಪಿಕೊಂಡರು. ಆಗ ಇದ್ದ ಕೋಡ್ ಎಷ್ಟು? ಕೆಲವು ನೂರು ಕಿಲೋಬೈಟ್. ಸಿ ಓಡುತ್ತಿದ್ದ ಜಾಗಗಳು ಬಹುಶಃ ಮೂರು ಅಂತ ಅವರೇ ಬರೆದಿದ್ದಾರೆ.

ಆ ಪಟ್ಟಿಯನ್ನು ಸಿ++, ಜಾವಾ, ಸಿ ಶಾರ್ಪ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಎಲ್ಲ ಹಾಗೇ ತೆಗೆದುಕೊಂಡವು. ಜಾವಾ ಮತ್ತು ಸಿ ಶಾರ್ಪ್‌ನಲ್ಲಿ ರಿಪ್ಪನ್‌ಪೇಟೆಯವರ ಸಾಲು ಕಂಪೈಲ್ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಸಂಖ್ಯೆಗೂ ನಿಜ-ಸುಳ್ಳಿಗೂ & ಹಾಕಲು ಬಿಡುವುದಿಲ್ಲ. ಟೈಪ್ ಪದ್ಧತಿ ಅಲ್ಲಿ ಕಾಪಾಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಸದ್ದಿಲ್ಲದೆ ಓಡಿಬಿಡುತ್ತದೆ. ಗೋ ಮತ್ತು ರಸ್ಟ್ ಮಾಡಿದವರು ಧೈರ್ಯ ಮಾಡಿ & ಅನ್ನು == ಗಿಂತ ಮೇಲಿಟ್ಟರು. ಗೋದಲ್ಲಿ +, == ನಂಥ ಎರಡು ಬದಿಯ ಆಪರೇಟರ್‌ಗಳಿಗೆ ಒಟ್ಟು 5 ಹಂತ ಮಾತ್ರ. & ಇರುವುದು ಗುಣಾಕಾರದ ಹಂತದಲ್ಲಿ.

ಹಾಗಾಗಿ ಮೇಷ್ಟ್ರೇ, ನಿಮ್ಮ ಭಾಷೆಗೆ ಇನ್ನೂ ಬಳಕೆದಾರರು ಕಡಿಮೆ ಇದ್ದಾರೆ ಅನ್ನುವುದು ದೊಡ್ಡ ಅನುಕೂಲ. ಏನು ಬದಲಾಯಿಸುವುದಿದ್ದರೂ ಈಗಲೇ ಬದಲಾಯಿಸಿ.

ಹೊಸನಗರದ_ಹುಡುಗಿ

ಹಳೇ ಕೋಡರ್ ಸರ್, & ಅನ್ನು ಮೇಲೆ ಎತ್ತಿದರೆ ಕಷ್ಟ ಮುಗಿಯುತ್ತದೆ ಅನ್ನುವುದಕ್ಕೆ ನನ್ನದೊಂದು ತಕರಾರು. ನಾನು ಮಳೆಯ ಅಂಕಿಅಂಶಗಳ ಮೇಲೆ ಪೈಥಾನ್‌ನಲ್ಲಿ ಕೆಲಸ ಮಾಡುತ್ತೇನೆ. ಪೈಥಾನ್‌ನಲ್ಲೂ & ಗೆ ಹೋಲಿಕೆಗಳಿಗಿಂತ ಹೆಚ್ಚು ಆದ್ಯತೆ. ಬಿಟ್ ನೋಡುವುದಕ್ಕೆ ಅದು ಸರಿ. ಆದರೆ ಕೋಷ್ಟಕಗಳ ಕೆಲಸಕ್ಕೆ ಬಳಸುವ ಪೈಥಾನ್ ಲೈಬ್ರರಿ ಪಾಂಡಾಸ್‌ನಲ್ಲಿ ಒಂದು ಕೋಷ್ಟಕದಿಂದ ಜಾಸ್ತಿ ಮಳೆಯಾದ, ಗಾಳಿ ಕಡಿಮೆ ಇದ್ದ ದಿನಗಳನ್ನು ಆರಿಸಬೇಕು ಅನ್ನಿ:

ಮಳೆ > 100 & ಗಾಳಿ < 30

ಇಲ್ಲಿ ಮೊದಲು ಸೇರಿಕೊಳ್ಳುವುದು 100 & ಗಾಳಿ! ಉಳಿದದ್ದು ಮಳೆ > (ಏನೋ ಒಂದು) < 30. ಪೈಥಾನ್ ಅದನ್ನು ಸರಪಳಿ ಹೋಲಿಕೆ ಅಂತ ಓದುತ್ತದೆ. ಸರಪಳಿಯ ಒಳಗೆ ಒಂದು ‘ಆಂಡ್’ ಅಡಗಿದೆ. ಆ ‘ಆಂಡ್’ಗೆ ಇಡೀ ಕಾಲಂ ನಿಜವೋ ಸುಳ್ಳೋ ಅಂತ ಒಂದೇ ಉತ್ತರ ಬೇಕು. ಸಾವಿರ ದಿನಗಳ ಮಳೆಗೆ ಒಂದೇ ಉತ್ತರ ಎಲ್ಲಿಂದ ಬರಬೇಕು? ಕೊನೆಗೆ ಪರದೆಯ ಮೇಲೆ ಬರುವ ದೋಷ ಆದ್ಯತೆಯ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಸೀರೀಸ್‌ನ ಸತ್ಯಮೌಲ್ಯ ಅಸ್ಪಷ್ಟ ಅನ್ನುತ್ತದೆ (ಸೀರೀಸ್ ಅಂದರೆ ಪಾಂಡಾಸ್‌ನ ಒಂದು ಕಾಲಂ). ಹೊಸಬರು ಅಲ್ಲೇ ಗಂಟೆಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಾರೆ. (ಮಳೆ > 100) & (ಗಾಳಿ < 30) ಅಂತ ಬರೆದರೆ ಸರಿಹೋಗುತ್ತದೆ.

ಹಾಗಾದರೆ ಪಾಂಡಾಸ್‌ನವರು ‘ಆಂಡ್’ ಪದವನ್ನೇ ಯಾಕೆ ಬಳಸಲಿಲ್ಲ? ಬಳಸಲು ಸಾಧ್ಯವಿಲ್ಲ. ಪೈಥಾನ್‌ನಲ್ಲಿ +, &, == ಇವುಗಳ ಅರ್ಥವನ್ನು ಲೈಬ್ರರಿ ಬರೆಯುವವರು ಬದಲಾಯಿಸಬಹುದು. ‘ಆಂಡ್’ ಬದಲಾಯಿಸಲು ಬರುವುದಿಲ್ಲ. ಅದು ಬಲಗಡೆಯನ್ನು ಲೆಕ್ಕ ಮಾಡದೆ ಬಿಡಬಹುದಾದ ಆಪರೇಟರ್. ಅದನ್ನು ಸುಮ್ನೆ ಒಂದು ಫಂಕ್ಷನ್ ಮಾಡಿಬಿಟ್ಟರೆ, ಕರೆಯುವ ಮುಂಚೆಯೇ ಎರಡೂ ಬದಿ ಲೆಕ್ಕವಾಗಿರುತ್ತದೆ. ಅದನ್ನೂ ಬದಲಾಯಿಸಲು ಬಿಡಿ ಅಂತ ಪಿಇಪಿ 335 ಅನ್ನುವ ಪ್ರಸ್ತಾವ ಬಂದಿತ್ತು. ಒಪ್ಪಿಗೆ ಸಿಗಲಿಲ್ಲ.

ಅಂದರೆ ಬಿ ಭಾಷೆಯ ಕಥೆಯೇ ಇಲ್ಲಿ ಮತ್ತೆ ನಡೆದಿದೆ. & ಒಂದೇ, ಕೆಲಸ ಎರಡು. ಮೇಲಿಟ್ಟರೆ ಒಬ್ಬರಿಗೆ ಕಷ್ಟ, ಕೆಳಗಿಟ್ಟರೆ ಇನ್ನೊಬ್ಬರಿಗೆ.

ಸಾಗರ_ಹಳೇ_ಕೋಡರ್

ತಂಗಿ, ಇದು ನನಗೆ ಹೊಳೆದಿರಲಿಲ್ಲ. ಸಿ ಮತ್ತು ಪೈಥಾನ್ ಪಟ್ಟಿಗಳು ಒಂದಕ್ಕೊಂದು ಉಲ್ಟಾ, ಆದರೂ ಎರಡರಲ್ಲೂ ಜನ ಬೀಳುತ್ತಾರೆ. ಕಾರಣ ಒಂದೇ. ಚಿಹ್ನೆಗೆ ಎರಡು ಕೆಲಸ ಕೊಟ್ಟರೆ ಅದಕ್ಕೆ ಸರಿಯಾದ ಜಾಗ ಅಂತಲೇ ಇರುವುದಿಲ್ಲ.

ಭದ್ರಾವತಿ_ಎಲೆಕ್ಟ್ರಾನಿಕ್ಸ್

ನಾನು ಮೇಷ್ಟ್ರ ಮಾತಿಗೆ ಒಪ್ಪುವುದಿಲ್ಲ. ‘ಮತ್ತು’ ಮೊದಲು ಅನ್ನುವುದನ್ನು ಯಾರೂ ಕಲಿಸಿಲ್ಲ ಅಂದಿರಿ. ಕಲಿಸಿದ್ದಾರೆ. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್‌ನ ಮೊದಲ ಪಾಠಗಳಲ್ಲೇ ‘ಮತ್ತು’ವನ್ನು ಗುಣಾಕಾರದಂತೆ, ‘ಅಥವಾ’ವನ್ನು ಸಂಕಲನದಂತೆ ಬರೆಯುತ್ತೇವೆ. ಎಬಿ + ಸಿ ಅಂದರೆ ಎ ಮತ್ತು ಬಿ, ಅಥವಾ ಸಿ. ಇದರ ಮೂಲ ಜಾರ್ಜ್ ಬೂಲ್. 1854ರ ಪುಸ್ತಕದಲ್ಲಿ ಅವರು ತರ್ಕವನ್ನು ಬೀಜಗಣಿತದ ಹಾಗೆ ಬರೆದು ತೋರಿಸಿದರು. 0 ಮತ್ತು 1 ಇಟ್ಟುಕೊಂಡು ಗುಣಿಸಿ ನೋಡಿ, ‘ಮತ್ತು’ ಸಿಗುತ್ತದೆ. ಇಷ್ಟು ಹಳೆಯ ಪದ್ಧತಿಯನ್ನು ನಾವು ಯಾಕೆ ಬಿಡಬೇಕು?

ಬ್ರಾಕೆಟ್ ಕಡ್ಡಾಯ ಅಂದರೆ ಸಾಲು ಉದ್ದವಾಗುತ್ತದೆ. ಮೊಬೈಲ್‌ನಲ್ಲಿ ಬ್ರಾಕೆಟ್ ಟೈಪ್ ಮಾಡಲು ಕೀಬೋರ್ಡ್ ಬದಲಾಯಿಸಬೇಕು. ಅದನ್ನೂ ಯೋಚಿಸಿ.

ತೀರ್ಥಹಳ್ಳಿ_ಮೇಷ್ಟ್ರು

ಭದ್ರಾವತಿಯವರೇ, ನಿಮ್ಮ ಮಾತಿನಲ್ಲಿ ನ್ಯಾಯವಿದೆ. ಡಿಪ್ಲೊಮಾ ಓದಿದವರಿಗೆ ಈ ಆದ್ಯತೆ ಆಗಲೇ ತಲೆಯಲ್ಲಿದೆ. ಅವರಿಗಾಗಿ ಭಾಷೆ ಮಾಡುತ್ತಿದ್ದರೆ ನಾನು ನಿಮ್ಮ ಜೊತೆ ನಿಲ್ಲುತ್ತಿದ್ದೆ. ಆದರೆ ಒಂಬತ್ತನೇ ತರಗತಿಯ ಮಗುವಿಗೆ ಅದಿಲ್ಲ. ತೋಟದ ಯಜಮಾನರಿಗೂ ಇಲ್ಲ. ಅವರು ಸಾಲನ್ನು ಬಾಯಲ್ಲಿ ಹೇಳಿದ ಹಾಗೆ ಬರೆಯುತ್ತಾರೆ. ಹೇಳುವಾಗ ಎಲ್ಲಿ ನಿಲ್ಲಿಸಿದರೋ ಅಲ್ಲಿ ಗುಂಪು. ಆ ನಿಲುಗಡೆ ಬರಹದಲ್ಲಿ ಬರುವುದಿಲ್ಲ.

ಬೀಜಗಣಿತದ ಹೋಲಿಕೆಯನ್ನು ಪೂರ್ತಿ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಪಾಸ್ಕಲ್ ಇದೆ. ನಿಕ್ಲಾಸ್ ವಿರ್ಥ್ 1970ರಲ್ಲಿ ಮಾಡಿದ ಭಾಷೆ. ಅದರಲ್ಲಿ ‘ಆಂಡ್’ ಗುಣಾಕಾರದ ಹಂತದಲ್ಲೇ ಇದೆ, ‘ಆರ್’ ಸಂಕಲನದ ಹಂತದಲ್ಲಿ. ನೋಡಲು ಚೆಂದ. ಆದರೆ ಹೋಲಿಕೆಗಳು ಎಲ್ಲಕ್ಕಿಂತ ಕೆಳಗೆ ಹೋಗಿಬಿಟ್ಟವು. ಮಟ್ಟ > 0 ಆಂಡ್ ಒತ್ತಡ > 0 ಅಂತ ಬರೆದರೆ 0 ಆಂಡ್ ಒತ್ತಡ ಮೊದಲು ಸೇರಿ ಕಂಪೈಲರ್ ಬೈಯುತ್ತದೆ. ಪ್ರತಿ ಹೋಲಿಕೆಗೂ ಬ್ರಾಕೆಟ್ ಬೇಕು. ಅಲ್ಲಿ ಕಂಪೈಲರ್ ತಪ್ಪನ್ನು ಹಿಡಿಯುತ್ತದೆ ಅನ್ನುವುದು ಮಾತ್ರ ಸಮಾಧಾನ.

ಬ್ರಾಕೆಟ್ ಕಡ್ಡಾಯ ಮಾಡುವುದು ಹೊಸ ಯೋಚನೆಯೇನಲ್ಲ. 1983ರ ಅಡಾ ಭಾಷೆಯಲ್ಲಿ ‘ಆಂಡ್’, ‘ಆರ್’ ಬೆರೆಸಿದರೆ ವ್ಯಾಕರಣದ ದೋಷ. ವಿಮಾನ, ರೈಲು ಸಿಗ್ನಲ್‌ಗಳಂಥ ಕೆಲಸಕ್ಕೆ ಆ ಭಾಷೆ ಬಳಸುತ್ತಾರೆ. ಜಾವಾಸ್ಕ್ರಿಪ್ಟ್‌ಗೆ 2020ರಲ್ಲಿ ?? (ಎಡಗಡೆ ಖಾಲಿಯಾದರೆ ಬಲಗಡೆಯದನ್ನು ಕೊಡುವ ಚಿಹ್ನೆ) ಸೇರಿಸಿದಾಗ, ಅದನ್ನು && ಅಥವಾ || ಜೊತೆ ಬ್ರಾಕೆಟ್ ಇಲ್ಲದೆ ಬರೆಯಲು ಬಿಡಲಿಲ್ಲ. ಅದೇ ಜಾವಾಸ್ಕ್ರಿಪ್ಟ್‌ನಲ್ಲಿ -2 ** 2 (ಎರಡರ ವರ್ಗ, ಮುಂದೆ ಮೈನಸ್) ಬರೆದರೂ ದೋಷ. ಪೈಥಾನ್‌ನಲ್ಲಿ ಅದು -4, ಎಕ್ಸೆಲ್‌ನಲ್ಲಿ =-2^2 ಅಂದರೆ 4. ಓದುವವರಲ್ಲೇ ಎರಡು ಅಭ್ಯಾಸ ಇರುವಾಗ ಯಾವುದೋ ಒಂದನ್ನು ಆರಿಸುವ ಬದಲು, ‘ನಿಮ್ಮ ಉದ್ದೇಶ ಬಿಡಿಸಿ ಹೇಳಿ’ ಅನ್ನುವುದು ನನಗೆ ತುಂಬಾ ಗೌರವದ ನಡೆ ಅನ್ನಿಸುತ್ತದೆ.

ಮೊಬೈಲ್ ಕೀಬೋರ್ಡ್ ವಿಷಯ ನಿಜ. ಎಡಿಟರ್‌ನಲ್ಲೇ ಬ್ರಾಕೆಟ್‌ಗೆ ಒಂದು ಗುಂಡಿ ಕೊಡುತ್ತೇವೆ.

ಕೊಪ್ಪ_ಕಾಫಿ

ಆದ್ಯತೆಯನ್ನೇ ತೆಗೆದುಬಿಟ್ಟರೆ? ಕೆನೆತ್ ಐವರ್ಸನ್ ಅವರ ಎಪಿಎಲ್‌ನಲ್ಲಿ ಎಲ್ಲಕ್ಕೂ ಒಂದೇ ಹಂತ, ಬಲದಿಂದ ಎಡಕ್ಕೆ. 2×3+4 ಅಂದರೆ 14. ಸ್ಮಾಲ್‌ಟಾಕ್‌ನಲ್ಲಿ ಎಡದಿಂದ ಬಲಕ್ಕೆ, 2+3*4 ಅಂದರೆ 20. ನೆನಪಿಡಲು ಒಂದೇ ನಿಯಮ.

ತೀರ್ಥಹಳ್ಳಿ_ಮೇಷ್ಟ್ರು

ಎರಡೂ ಒಳ್ಳೆಯ ಭಾಷೆಗಳು. ಆದರೆ ಬೋಡ್‌ಮಾಸ್ ಕಲಿತು ಬಂದ ಮಗುವಿಗೆ 2+3*4 ಅಂದರೆ 20 ಅಂತ ನಾನು ಹೇಳಲಾರೆ. ಗಣಿತದ ಮೇಷ್ಟ್ರು ನಾಳೆ 14 ಅನ್ನುತ್ತಾರೆ. ಮಗು ಯಾರನ್ನು ನಂಬಬೇಕು?

ಶಿಕಾರಿಪುರ_ಬಿಇ

ಒಂದು ಅನುಮಾನ. ಅ || ಬ && ಕ ಅಂತ ಇದೆ. && ಗೆ ಆದ್ಯತೆ ಜಾಸ್ತಿ ಅಂದಮೇಲೆ ಬ && ಕ ಮೊದಲು ಓಡಬೇಕಲ್ವಾ? ಆದರೆ ಅ ನಿಜವಾಗಿದ್ದಾಗ ಬ ಫಂಕ್ಷನ್ ಕರೆದದ್ದೇ ಕಾಣಲಿಲ್ಲ. ಕಂಪೈಲರ್ ತಪ್ಪಾ?

ಸಾಗರ_ಹಳೇ_ಕೋಡರ್

ಕಂಪೈಲರ್ ಸರಿಯಾಗೇ ಇದೆ ತಮ್ಮಾ. ಇದು ಬಹಳ ಜನರಿಗೆ ಬರುವ ಅನುಮಾನ, ಕೇಳಿದ್ದು ಒಳ್ಳೆಯದಾಯಿತು.

ಆದ್ಯತೆ ಹೇಳುವುದು ಯಾವುದು ಯಾವುದರ ಜೊತೆ ಗುಂಪಾಗುತ್ತದೆ ಅಂತ ಮಾತ್ರ. ಯಾವುದು ಮೊದಲು ಓಡುತ್ತದೆ ಅಂತ ಅದು ಹೇಳುವುದೇ ಇಲ್ಲ. ನಿನ್ನ ಸಾಲು ಅ || (ಬ && ಕ) ಅಂತ ಗುಂಪಾಯಿತು. ಅಲ್ಲಿಗೆ ಆದ್ಯತೆಯ ಕೆಲಸ ಮುಗಿಯಿತು. ಪಾರ್ಸರ್ (ಸಾಲನ್ನು ಓದಿ ಬಿಡಿಸುವ ಭಾಗ) ಒಂದು ಮರ ಕಟ್ಟಿತು, ಮೇಲೆ ||, ಅದರ ಎಡಕ್ಕೆ ಅ, ಬಲಕ್ಕೆ && ಇರುವ ಕೊಂಬೆ. ಈಗ ಓಡಿಸುವಾಗ || ತನ್ನ ನಿಯಮ ನೋಡುತ್ತದೆ. ಮೊದಲು ಎಡ. ಎಡ ನಿಜವಾದರೆ ಬಲಗಡೆಯ ಇಡೀ ಕೊಂಬೆಗೆ ಹೋಗುವುದೇ ಇಲ್ಲ. ಆದ್ಯತೆ ಜಾಸ್ತಿ ಇರುವ && ಒಮ್ಮೆಯೂ ಓಡದೆ ಉಳಿಯುವುದು ಸಹಜ.

ಸಿಯಲ್ಲಿ ಇನ್ನೂ ಒಂದು ಮಾತಿದೆ. ಫ() + ಗ() * ಹ() ಬರೆದರೆ ಮೂರರಲ್ಲಿ ಯಾವುದನ್ನು ಮೊದಲು ಕರೆಯಬೇಕು ಅಂತ ಸಿ ಹೇಳುವುದಿಲ್ಲ, ಕಂಪೈಲರ್ ಇಷ್ಟ. ಜಾವಾದಲ್ಲಿ ಎಡದಿಂದ ಬಲಕ್ಕೆ ಅಂತ ಖಚಿತ. ಆದರೆ && ಮತ್ತು || ಗೆ ಸಿಯಲ್ಲೂ ಎಡ ಮೊದಲು ಅನ್ನುವ ಭರವಸೆ ಇದೆ. ಪಾಯಿಂಟರ್ (ಮೆಮೊರಿಯ ವಿಳಾಸ) ಖಾಲಿಯಾ ಅಂತ ಎಡಗಡೆ ನೋಡಿ, ಬಲಗಡೆ ಅದನ್ನು ಬಳಸುವ ಕೋಡ್ ಪೂರ್ತಿ ಆ ಭರವಸೆಯ ಮೇಲೆ ನಿಂತಿದೆ.

ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರ್‌ಗೆ ಸಾಲುಸಾಲಾಗಿ ಕೊಡುವ ಆದೇಶಗಳ ಪಟ್ಟಿ) ಬರೆಯುವಾಗ ಜೋಪಾನ. ಅಲ್ಲಿ ಆದೇಶಗಳ ನಡುವಿನ && ಮತ್ತು || ಎರಡಕ್ಕೂ ಒಂದೇ ಹಂತ, ಎಡದಿಂದ ಗುಂಪು. ರೂಬಿ ಭಾಷೆಯ ‘ಆಂಡ್’, ‘ಆರ್’ ಪದಗಳೂ ಹಾಗೇ.

ಸೊರಬ_ಸೆನ್ಸರ್

ಶಾರ್ಟ್ ಸರ್ಕ್ಯೂಟ್ ಬಗ್ಗೆ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅದು ಬೇಕು. ಬಾವಿಯಲ್ಲಿ ನೀರೇ ಇಲ್ಲ ಅಂತ ಗೊತ್ತಾದ ಮೇಲೆ ಹಗ್ಗ ಗಟ್ಟಿ ಇದೆಯಾ ಅಂತ ಯಾರೂ ನೋಡುವುದಿಲ್ಲ. ಸೆನ್ಸರ್_ಇದೆ ಮತ್ತು ಸೆನ್ಸರ್.ಓದು > 30 ಅಂತ ಬರೆದಾಗ, ಸೆನ್ಸರ್ ಕಿತ್ತುಹೋಗಿದ್ದರೆ ಓದಲು ಹೋಗಲೇಬಾರದು.

ಆದರೆ ಎಚ್ಚರ ಬೇಕಾದ ಜಾಗವೂ ಇದೆ. ಒಂದು ತೋಟದಲ್ಲಿ ನಿಯಮ ಹೀಗಿತ್ತು:

ಮಳೆ_ಇಲ್ಲ() && ನೀರು_ಇದೆ()

ನೀರು_ಇದೆ ಅನ್ನುವ ಫಂಕ್ಷನ್ ಬಾವಿಯ ಮಟ್ಟ ಓದಿ, ಆ ಅಳತೆಯನ್ನು ಮೆಮೊರಿ ಕಾರ್ಡ್‌ಗೆ ಬರೆದಿಡುವ ಕೆಲಸವನ್ನೂ ಮಾಡುತ್ತಿತ್ತು. ಮಳೆ ಬರುತ್ತಿದ್ದಾಗ ಎಡಗಡೆ ಸುಳ್ಳು. ಬಲಗಡೆಯನ್ನು ಕರೆಯುವುದೇ ಇಲ್ಲ. ಹಾಗಾಗಿ ಮಳೆ ಸುರಿದ ಹೊತ್ತಿನ ಅಳತೆ ಒಂದೂ ಇಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಗೊತ್ತಲ್ಲ. ಬಾವಿ ಮಳೆಗಾಲದಲ್ಲಿ ಎಷ್ಟು ಬೇಗ ತುಂಬುತ್ತದೆ ಅಂತ ತಿಳಿಯಲು ಬೇಕಾಗಿದ್ದ ಅಂಕಿಗಳೇ ಮಾಯ. ಪಂಪ್ ಮಾತ್ರ ಒಂದು ದಿನವೂ ತಪ್ಪು ಮಾಡಲಿಲ್ಲ, ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ.

ಎರಡು ಫಂಕ್ಷನ್‌ಗಳ ಜಾಗ ಅದಲು ಬದಲು ಮಾಡಿದರೆ ದಾಖಲೆ ಸರಿಹೋಗುತ್ತಿತ್ತು. ‘ಮತ್ತು’ವಿನ ಎರಡು ಬದಿ ಅದಲು ಬದಲಾದರೆ ಏನೂ ವ್ಯತ್ಯಾಸವಿಲ್ಲ ಅಂತ ಗಣಿತದಲ್ಲಿ ಕಲಿತಿರುತ್ತೇವೆ. ಶಾರ್ಟ್ ಸರ್ಕ್ಯೂಟ್ ಇರುವಲ್ಲಿ ಅದು ನಿಜವಲ್ಲ. ಲಿಸ್ಪ್ ಮಾಡಿದ ಜಾನ್ ಮೆಕಾರ್ಥಿ 1960ರ ತಮ್ಮ ಲೇಖನದಲ್ಲೇ ‘ಮತ್ತು’ವನ್ನು ಷರತ್ತಾಗಿ ಬರೆದು ತೋರಿಸಿದ್ದಾರೆ: ಎಡ ನಿಜವಾದರೆ ಉತ್ತರ ಬಲಗಡೆಯದು, ಇಲ್ಲದಿದ್ದರೆ ಸುಳ್ಳು. ಹೀಗೆ ಬರೆದರೆ ಎರಡು ಬದಿ ಸಮಾನವಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಹೊಸನಗರದ_ಹುಡುಗಿ

ಡೇಟಾಬೇಸ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ನಂಬಿ ಬರೆಯಬೇಡಿ. ಚೀಲ <> 0 ಆಂಡ್ ತೂಕ / ಚೀಲ > 60 ಅಂತ ಬರೆದರೆ (<> ಅಂದರೆ ಸಮಾನವಲ್ಲ), ಸೊನ್ನೆಯಿಂದ ಭಾಗಿಸುವುದನ್ನು ಎಡಗಡೆ ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ಯಾವ ಷರತ್ತು ಮೊದಲು ನೋಡಿದರೆ ಬೇಗ ಮುಗಿಯುತ್ತದೆ ಅಂತ ಡೇಟಾಬೇಸ್ ತಾನೇ ತೀರ್ಮಾನಿಸುತ್ತದೆ. ಕ್ರಮ ಬೇಕಾದರೆ ‘ಕೇಸ್’ ಬಳಸಿ ಅಂತ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ ಕೈಪಿಡಿಯಲ್ಲೇ ಇದೆ.

ಅಲ್ಲೂ ಆದ್ಯತೆಯ ಬಲೆ ಇದೆ. ತಾಲ್ಲೂಕು = 'ಸಾಗರ' ಆರ್ ತಾಲ್ಲೂಕು = 'ಹೊಸನಗರ' ಆಂಡ್ ತೇವಾಂಶ < 12 ಅಂದರೆ, ಸಾಗರದ ಅಡಿಕೆ ಎಷ್ಟೇ ಹಸಿ ಇದ್ದರೂ ಪಟ್ಟಿಗೆ ಬರುತ್ತದೆ. ಒಣಗಿದೆಯಾ ಅನ್ನುವ ಪರೀಕ್ಷೆ ಹೊಸನಗರಕ್ಕೆ ಮಾತ್ರ!

ಭದ್ರಾವತಿ_ಎಲೆಕ್ಟ್ರಾನಿಕ್ಸ್

ಅಡಾ ಭಾಷೆಯ ಹೆಸರು ಬಂದಿದ್ದರಿಂದ ಹೋಗಿ ನೋಡಿದೆ. ಅದರಲ್ಲಿ ಎರಡು ಬಗೆಯ ‘ಮತ್ತು’ ಇವೆ. ‘ಆಂಡ್’ ಎರಡೂ ಬದಿ ಲೆಕ್ಕ ಮಾಡುತ್ತದೆ. ‘ಆಂಡ್ ದೆನ್’ ಎಡ ನಿಜವಾದರೆ ಮಾತ್ರ ಬಲಕ್ಕೆ ಹೋಗುತ್ತದೆ. ಹಾಗೇ ‘ಆರ್’ ಮತ್ತು ‘ಆರ್ ಎಲ್ಸ್’. ವಿಷುಯಲ್ ಬೇಸಿಕ್ ಡಾಟ್ ನೆಟ್‌ನಲ್ಲೂ ‘ಆಂಡ್’, ‘ಆಂಡ್ ಆಲ್ಸೋ’ ಬೇರೆ ಬೇರೆ. ನಮ್ಮಲ್ಲೂ ‘ಮತ್ತು’ ಒಂದು, ‘ಆಮೇಲೆ’ ಒಂದು ಇಟ್ಟರೆ ಹೇಗೆ? ಹಾರ್ಡ್‌ವೇರ್ ಕಡೆಯಿಂದ ಬಂದವನಿಗೆ ಎರಡೂ ಬದಿ ಒಟ್ಟಿಗೆ ನೋಡುವುದೇ ಸಹಜ. ಸರ್ಕ್ಯೂಟ್‌ನ ‘ಮತ್ತು’ ಗೇಟ್‌ಗೆ ಎರಡೂ ತಂತಿ ಒಟ್ಟಿಗೇ ಬರುತ್ತವೆ.

ಎರಡೂ ಬದಿ ನೋಡಲೇಬೇಕಾದ ಜಾಗಗಳೂ ಇವೆ. ಕಂಟ್ರೋಲರ್‌ಗೆ ಪಾಸ್‌ವರ್ಡ್ ಇಟ್ಟಿದ್ದೀರಿ ಅನ್ನಿ. ಒಂದೊಂದೇ ಅಕ್ಷರ ಹೋಲಿಸುತ್ತಾ, ಮೊದಲ ತಪ್ಪಿಗೇ ನಿಲ್ಲಿಸಿದರೆ ಉತ್ತರ ಬರುವ ಸಮಯ ಅಳೆದೇ ಎಷ್ಟು ಅಕ್ಷರ ಸರಿ ಇತ್ತು ಅಂತ ಊಹಿಸಬಹುದು. ಅದಕ್ಕೇ ಭದ್ರತೆಯ ಕೋಡ್‌ನಲ್ಲಿ ಕೊನೆಯವರೆಗೂ ಹೋಲಿಸಿ ಆಮೇಲೆ ಉತ್ತರ ಹೇಳುತ್ತಾರೆ.

ತೀರ್ಥಹಳ್ಳಿ_ಮೇಷ್ಟ್ರು

ಪಾಸ್‌ವರ್ಡ್ ಹೋಲಿಕೆಯನ್ನು ನಾವು ಬಳಕೆದಾರರ ಕೈಗೆ ಬಿಡುವುದೇ ಇಲ್ಲ, ಭಾಷೆಯ ಒಳಗೇ ಒಂದು ಫಂಕ್ಷನ್ ಕೊಡುತ್ತೇವೆ. ಒಳ್ಳೆಯ ಸೂಚನೆ, ಧನ್ಯವಾದ.

ಎರಡು ‘ಮತ್ತು’ಗಳ ಬಗ್ಗೆ ಬಹಳ ಯೋಚನೆ ಮಾಡಿದೆ. ಅಡಾ ದಾರಿ ಪ್ರಾಮಾಣಿಕವಾದದ್ದು. ಆದರೆ ಎರಡರಲ್ಲಿ ಯಾವುದು ಬೇಕು ಅಂತ ಪ್ರತಿ ಸಾಲಿನಲ್ಲೂ ಮಗು ಯೋಚಿಸಬೇಕು. ಸೊರಬದವರ ಉದಾಹರಣೆ ಓದಿದ ಮೇಲೆ ನನಗೆ ಬೇರೆ ದಾರಿ ಕಾಣುತ್ತಿದೆ. ಅಲ್ಲಿ ತೊಂದರೆ ಬಂದದ್ದು, ಷರತ್ತು ನೋಡುವ ಫಂಕ್ಷನ್ ಇನ್ನೊಂದು ಕೆಲಸವನ್ನೂ ಮಾಡಿದ್ದರಿಂದ. ನಮ್ಮ ಭಾಷೆಯಲ್ಲಿ ಓದುವ ಫಂಕ್ಷನ್ ಬೇರೆ, ಕೆಲಸ ಮಾಡುವ ಫಂಕ್ಷನ್ ಬೇರೆ ಮಾಡಬಹುದು. ಷರತ್ತಿನ ಒಳಗೆ ಓದುವ ಫಂಕ್ಷನ್‌ಗಳಿಗೆ ಮಾತ್ರ ಜಾಗ. ಕಾರ್ಡ್‌ಗೆ ಬರೆಯುವುದು, ಮೋಟಾರ್ ನಿಲ್ಲಿಸುವುದು, ಮೆಸೇಜ್ ಕಳಿಸುವುದು ಇವೆಲ್ಲ ಷರತ್ತಿನ ಒಳಗೆ ಬಂದರೆ ಕಂಪೈಲರ್ ತಡೆಯಬೇಕು. ಆಗ ‘ಮತ್ತು’ ಒಂದೇ ಸಾಕು, ಅದು ಯಾವಾಗಲೂ ಎಡದಿಂದ ನೋಡಿ, ಉತ್ತರ ಸಿಕ್ಕಲ್ಲಿ ನಿಲ್ಲುತ್ತದೆ. ಬಲಗಡೆ ಓಡಲಿಲ್ಲ ಅನ್ನುವುದರಿಂದ ಯಾವ ಕೆಲಸವೂ ತಪ್ಪಿಹೋಗುವುದಿಲ್ಲ.

ಬಿಟ್‌ಗಳ ಕೆಲಸಕ್ಕೆ ಆಪರೇಟರ್ ಇಡುವುದೇ ಇಲ್ಲ. ಬಿಟ್(ಸ್ಥಿತಿ, 2) ಅಂತ ಫಂಕ್ಷನ್ ಕೊಡುತ್ತೇವೆ.

ಶಿಕಾರಿಪುರ_ಬಿಇ

ಮೇಷ್ಟ್ರೇ, ಪಂಪ್_ನಿಲ್ಲಿಸು() && ಗೇಟ್_ಮುಚ್ಚು() ಅಂತ ಬರೆಯುವ ಅಭ್ಯಾಸ ನನಗಿದೆ. ಶೆಲ್‌ನಿಂದ ಬಂದದ್ದು. ಚಿಕ್ಕದಾಗಿ ಮುಗಿಯುತ್ತದೆ. ಅದನ್ನೂ ತಡೆಯುತ್ತೀರಾ?

ಸೊರಬ_ಸೆನ್ಸರ್

ತಡೆಯಲಿ ಬಿಡು. ಪಂಪ್ ನಿಲ್ಲಿಸುವುದು ವಿಫಲವಾದ ದಿನವೇ ಗೇಟ್ ಮುಚ್ಚುವುದೂ ತಪ್ಪುತ್ತದೆ. ಬೇಕಾದ್ದು ಅದೇ ಇರಬಹುದು, ಅಲ್ಲದೇ ಇರಬಹುದು. ಷರತ್ತಿನ ‘ಆದರೆ’ (ಇಂಗ್ಲಿಷ್‌ನ ‘ಇಫ್’) ಹಾಕಿ ಎರಡು ಸಾಲು ಬರೆದರೆ ಓದಿದವರಿಗೆ ಗೊತ್ತಾಗುತ್ತದೆ.

ಸಾಗರ_ಹಳೇ_ಕೋಡರ್

ಈಗ ಉಳಿದದ್ದು ದೋಷದ ಸಂದೇಶ. ನನ್ನ ಪ್ರಕಾರ ಇಡೀ ಯೋಜನೆ ನಿಲ್ಲುವುದೋ ಬೀಳುವುದೋ ಅದರ ಮೇಲಿದೆ. ‘ವ್ಯಾಕರಣ ದೋಷ, ಸಾಲು 7’ ಅಂತ ಬಂದರೆ ಕೃಷಿಕರು ಅಲ್ಲಿಗೇ ಬಿಟ್ಟು ಹೋಗುತ್ತಾರೆ. ಪಾರ್ಸರ್ ಎರಡೂ ಗುಂಪುಗಳನ್ನು ಕಟ್ಟಬಲ್ಲದು. ಡೈಕ್‌ಸ್ಟ್ರಾ ಅವರ ಷಂಟಿಂಗ್ ಯಾರ್ಡ್ ವಿಧಾನ ಬಳಸಿದರೂ ಸರಿ, 1973ರಲ್ಲಿ ವಾನ್ ಪ್ರಾಟ್ ತೋರಿಸಿದ ವಿಧಾನ ಬಳಸಿದರೂ ಸರಿ. ಆದ್ಯತೆಯ ಸಂಖ್ಯೆ ಬದಲಾಯಿಸಿ ಎರಡು ಸಲ ಓಡಿಸಿದರೆ ಎರಡು ಮರ ಸಿಗುತ್ತವೆ. ಎರಡನ್ನೂ ತೋರಿಸಿ ಕೇಳಿ:

ಈ ಸಾಲಿಗೆ ಎರಡು ಅರ್ಥ ಬರುತ್ತದೆ. ನಿಮಗೆ ಬೇಕಾದದ್ದು ಯಾವುದು?
1. ನೀರು_ಇದೆ ಮತ್ತು (ಬೆಳಗಿನ_ಹೊತ್ತು ಅಥವಾ ಕೈ_ಸ್ವಿಚ್)
ನೀರು ಇಲ್ಲದಿದ್ದರೆ ಪಂಪ್ ಯಾವಾಗಲೂ ಓಡುವುದಿಲ್ಲ.
2. (ನೀರು_ಇದೆ ಮತ್ತು ಬೆಳಗಿನ_ಹೊತ್ತು) ಅಥವಾ ಕೈ_ಸ್ವಿಚ್
ಸ್ವಿಚ್ ಒತ್ತಿದರೆ ನೀರು ಇಲ್ಲದಿದ್ದರೂ ಪಂಪ್ ಓಡುತ್ತದೆ.

ಕೆಳಗಿನ ವಿವರಣೆ ಸಾಲು ಬರೆಯುವುದು ಕಷ್ಟವಲ್ಲ. ಮೂರು ಹೆಸರಿಗೆ ನಿಜ-ಸುಳ್ಳಿನ ಸಾಧ್ಯತೆ 8 ಮಾತ್ರ. ಎರಡು ಮರಗಳ ಉತ್ತರ ಎಲ್ಲಿ ಬೇರೆಯಾಗುತ್ತದೆ ಅಂತ ಹುಡುಕಿ, ಆ ಒಂದು ಸಂದರ್ಭವನ್ನು ಮಾತಿನಲ್ಲಿ ಹೇಳಿದರೆ ಆಯಿತು.

ರಿಪ್ಪನ್‌ಪೇಟೆ_ತೋಟ

ಇದು ಬಹಳ ಚೆನ್ನಾಗಿದೆ. ನಮ್ಮ ಅಪ್ಪಯ್ಯನಿಗೂ ಅರ್ಥವಾಗುತ್ತದೆ. ‘ಯಾವಾಗಲೂ ಓಡುವುದಿಲ್ಲ’ ಅನ್ನುವ ಕಡೆ ‘ಯಾವತ್ತೂ ಓಡುವುದಿಲ್ಲ’ ಅಂತ ಮಾಡಿ. ಮೊದಲಿನದನ್ನು ‘ಎಲ್ಲ ಸಲ ಓಡುವುದಿಲ್ಲ, ಕೆಲವು ಸಲ ಓಡುತ್ತದೆ’ ಅಂತಲೂ ಓದಬಹುದು.

ಭದ್ರಾವತಿ_ಎಲೆಕ್ಟ್ರಾನಿಕ್ಸ್

ಹೀಗೆ ಎರಡು ಅರ್ಥ ತೋರಿಸುವುದಾದರೆ ಬ್ರಾಕೆಟ್ ಕಡ್ಡಾಯಕ್ಕೆ ನನ್ನ ಒಪ್ಪಿಗೆ ಇದೆ. ಒಂದನ್ನು ಮುಟ್ಟಿದರೆ ಬ್ರಾಕೆಟ್ ತಾನೇ ಬೀಳುವ ಹಾಗೆ ಮಾಡಿ, ಟೈಪ್ ಮಾಡುವ ಕಷ್ಟವೂ ತಪ್ಪುತ್ತದೆ.

ಒಂದು ಬಾಕಿ ಇದೆ. ‘ಅಲ್ಲ’ ಎಲ್ಲಿ ಕೂರುತ್ತದೆ? ಸಿಯಲ್ಲಿ ‘ಅಲ್ಲ’ ಅನ್ನುವ ! ಚಿಹ್ನೆ ಹೋಲಿಕೆಗಳಿಗಿಂತ ಮೇಲೆ ಇರುವುದರಿಂದ !ಮಟ್ಟ == 5 ಅಂದರೆ (!ಮಟ್ಟ) == 5. ಅದು ಯಾರಿಗೂ ಬೇಕಾದ ಅರ್ಥವಲ್ಲ. ಪೈಥಾನ್‌ನ ‘ನಾಟ್’ ಹೋಲಿಕೆಗಿಂತ ಕೆಳಗಿದೆ, ಹಾಗಾಗಿ ಇಡೀ ಹೋಲಿಕೆಯನ್ನು ತಿರುಗಿಸುತ್ತದೆ.

ತೀರ್ಥಹಳ್ಳಿ_ಮೇಷ್ಟ್ರು

ಒಪ್ಪಿದೆ, ಎರಡು ಅರ್ಥ ತೋರಿಸುವ ಭಾಗವನ್ನು ಮೊದಲು ಬರೆಯುತ್ತೇವೆ. ರಿಪ್ಪನ್‌ಪೇಟೆಯವರ ತಿದ್ದುಪಡಿಯೂ ಸೇರುತ್ತದೆ. ಹಳೇ ಕೋಡರ್ ಸರ್, ಎರಡು ಮರ ಹೋಲಿಸುವ ಕೋಡ್‌ಗೆ ನಿಮ್ಮ ಸಹಾಯ ಬೇಕು.

‘ಅಲ್ಲ’ ವಿಷಯದಲ್ಲಿ ಪೈಥಾನ್ ಸರಿ ಅನ್ನಿಸುತ್ತದೆ, ಆದರೆ ಅಷ್ಟೂ ಬೇಡ. ‘ಅಲ್ಲ’ದ ಮುಂದೆ ಒಂದು ಹೆಸರು ಬರಬಹುದು, ಇಲ್ಲವೇ ಬ್ರಾಕೆಟ್ ಬರಬಹುದು. ಅಲ್ಲ ನೀರು_ಇದೆ ಸರಿ. ಅಲ್ಲ (ಮಟ್ಟ == 5) ಸರಿ. ಅಲ್ಲ ಮಟ್ಟ == 5 ಬರೆದರೆ, ಮಟ್ಟ != 5 ಅಂತ ಬರೆಯಿರಿ ಅನ್ನುವ ಸೂಚನೆ. ಮಟ್ಟ ಅನ್ನುವುದು ಸಂಖ್ಯೆ ಅಂತ ಕಂಪೈಲರ್‌ಗೆ ಗೊತ್ತಿರುವುದರಿಂದ ಇದನ್ನು ಹಿಡಿಯುವುದು ಸುಲಭ.